ರಾಗಿ ನಿಂತಾಗ ನೆಲ ನೋಡಬೇಕು

ನಾನು ಚಿಕ್ಕವನಿದ್ದಾಗ ನಮ್ಮಪ್ಪ ಒಂದು ಹೊಲ ಕೊಂಡು ಮೋಸಹೋದ. ಆ ಕಥೆಯನ್ನು ನಿಮಗೆ ಹೇಳಲೇಬೇಕು ಮಕ್ಕಳೇ, ಯಾಕೆಂದರೆ ಈಗ ನಿಮ್ಮಪ್ಪನಿಗೂ ಸೈಟಿನ ಹುಚ್ಚು ಹಿಡಿದಿದೆ. ನನ್ನ ಮಾತು ಅವನ ಕಿವಿಗೆ ಬೀಳುವುದಿಲ್ಲ. ನೀವಾದರೂ ಕೇಳಿಸಿಕೊಳ್ಳಿ.

ಹೊಲ ಇದ್ದದ್ದು ಲಕ್ಕೂರಿನ ಆಚೆ. ಅಪ್ಪ ಅದನ್ನು ನೋಡಿದ್ದು ಸುಡುಬೇಸಿಗೆಯಲ್ಲಿ. ರಾಗಿ ಕುಯ್ದು ತಿಂಗಳುಗಳಾಗಿ ಸುತ್ತಲಿನ ಹೊಲಗಳೆಲ್ಲ ಬೋಳಾಗಿದ್ದವು. ಬಂಡಿ, ದನ, ಕುರಿ ಎಲ್ಲವೂ ಮನಬಂದ ಕಡೆ ಹಾಯ್ದು ಹೋಗುತ್ತಿದ್ದವು. ಬಾವಿಯ ನೀರು ಕುಡಿದು, ಕೆಂಪು ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿದ ಅಪ್ಪನಿಗೆ ಹೊಲ ಹಿಡಿಸಿಬಿಟ್ಟಿತು. ದಾರಿ ಯಾವ ಕಡೆಯಿಂದ ಎಂದು ಕೇಳಿದ್ದಕ್ಕೆ ಮಾರುವವನು ನಕ್ಕ.

"ಇಡೀ ಬಯಲೇ ದಾರಿ ಅಲ್ವೇನಣ್ಣ, ಎತ್ಲಾಗಿಂದಾದ್ರೂ ಬಂಡಿ ಹೊಡ್ಕೊಂಡು ಬಾ."

ಅಪ್ಪ ನಂಬಿದ. ಮಳೆ ಬಿದ್ದ ಮೇಲೆ ಟೊಮ್ಯಾಟೊ ನೆಟ್ಟ. ಅಷ್ಟರಲ್ಲಿ ಸುತ್ತಲಿನವರು ರಾಗಿ ಬಿತ್ತಿದರು. ನಮ್ಮ ಹೊಲಕ್ಕೂ ಟಾರು ರಸ್ತೆಗೂ ನಡುವೆ ಇದ್ದದ್ದು ಮಾರಿದವನ ಅಣ್ಣನ ಹೊಲ. ಅವನ ರಾಗಿ ಸೊಂಟದೆತ್ತರ ಬೆಳೆದಾಗ ನಮಗೆ ಉಳಿದದ್ದು ಒಬ್ಬರು ನಡೆಯುವಷ್ಟು ಅಗಲದ ಬದು ಮಾತ್ರ.

ಹಣ್ಣು ಕಿತ್ತ ದಿನ ಇನ್ನೂ ಕಣ್ಣಮುಂದಿದೆ. ಗಿಡದ ಘಾಟು ಮೂಗಿಗೆ ಅಡರುತ್ತಿತ್ತು, ಕೈಯೆಲ್ಲ ಹಸಿರು ಕರೆ. ಅಂದೇ ಕೋಲಾರದ ಮಾರ್ಕೆಟ್ ಸೇರದಿದ್ದರೆ ಹಣ್ಣು ಕೊಳೆಯುತ್ತಿತ್ತು. ಅಪ್ಪ ಬಂಡಿಯನ್ನು ರಸ್ತೆಯಲ್ಲೇ ನಿಲ್ಲಿಸಿ, ಆ ರಾಗಿ ಹೊಲದ ಮನುಷ್ಯನ ಮುಂದೆ ಹೋಗಿ ನಿಂತ.

"ಯಜಮಾನ್ರೇ, ಇವತ್ತೊಂದಿನ ಬಂಡಿ ಬಿಡಿ. ತುಳಿದಷ್ಟು ರಾಗಿ ನಾನೇ ತುಂಬ್ಕೊಡ್ತೀನಿ."

"ಕ್ರಯಪತ್ರದಲ್ಲಿ ದಾರಿ ಬರೆಸ್ಕೊಂಡಿದ್ದೀಯೇನಪ್ಪ? ಇಲ್ವಲ್ಲ. ಮತ್ತೆ ನನ್ ಹತ್ರ ಯಾಕೆ ಬಂದೆ?" ಎಂದು ಅವನು ಎಲೆಅಡಿಕೆ ಉಗಿದ.

ಹೊತ್ತೇ ಸಾಗಿಸಬೇಕಾಯಿತು. ಅಪ್ಪನ ತಲೆಯ ಮೇಲೊಂದು ಬುಟ್ಟಿ, ಅಕ್ಕನ ತಲೆಯ ಮೇಲೊಂದು. ಅಕ್ಕ ಆಗ ದಿನಾ ಲಕ್ಕೂರಿಗೆ ನಡೆದುಹೋಗಿ ಓದುತ್ತಿದ್ದಳು, ಟೀಚರ್ ಆಗಬೇಕೆಂಬ ಆಸೆ ಅವಳಿಗೆ. ಮಳೆಗೆ ನೆನೆದ ಬದು ಜಾರುತ್ತಿತ್ತು. ಬುಟ್ಟಿಯ ಸಮೇತ ಬಿದ್ದಳು. ಮೊಣಕಾಲು ತಿರುಚಿಕೊಂಡು ಅವಳು ಚೀರುತ್ತಿದ್ದರೆ ಆ ಮನುಷ್ಯ ಹೇಳಿದ್ದು ಇಷ್ಟು: "ರಾಗಿ ಮೇಲೆ ಬೀಳ್ಬೇಡ ಕಣೇ, ಈ ಕಡೆ ಏಳು."

ಮಿಕ್ಕ ಹಣ್ಣು ಗಿಡದ ಬುಡದಲ್ಲೇ ಕೊಳೆತು ನಾರಿತು. ಅಕ್ಕನ ಕಾಲು ಮತ್ತೆ ನೆಟ್ಟಗಾಗಲಿಲ್ಲ, ಓದು ಅಲ್ಲಿಗೇ ನಿಂತಿತು. ದೀಪಾವಳಿಗೆ ಮುಂಚೆ ಅದೇ ಮನುಷ್ಯ ಬಂದು, ತಾನು ಹೇಳಿದ ಬೆಲೆಗೆ ಹೊಲವನ್ನು ತೆಗೆದುಕೊಂಡ. ಅಣ್ಣತಮ್ಮಂದಿರು ಸೇರಿ ಆಡಿದ ಆಟವೆಂದು ಊರಿಗೆಲ್ಲ ಗೊತ್ತಿತ್ತಂತೆ. ಒಬ್ಬನೂ ಬಾಯಿಬಿಟ್ಟಿರಲಿಲ್ಲ. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ಅದಕ್ಕೇ ಹೇಳುವುದು, ನೆಲ ಕೊಳ್ಳುವವರು ಬೇಸಿಗೆಯಲ್ಲಿ ನೋಡಿ ಮರುಳಾಗಬಾರದು. ಸುತ್ತ ರಾಗಿ ನಿಂತಿರುವಾಗ ಹೋಗಬೇಕು, ಆಗ ದಾರಿ ಇದೆಯೋ ಇಲ್ಲವೋ ತಾನೇ ತಿಳಿಯುತ್ತದೆ. ಇದ್ದರೂ ಅದನ್ನು ಪತ್ರದಲ್ಲಿ ಬರೆಸಿಕೊಳ್ಳಬೇಕು.

ಕಳೆದ ಭಾನುವಾರ ನಿಮ್ಮಪ್ಪ ನಮ್ಮನ್ನೆಲ್ಲ ಕಾರಿನಲ್ಲಿ ಕೂರಿಸಿಕೊಂಡು ಲೇಔಟ್ ತೋರಿಸಿದನಲ್ಲ, ಅದು ಅದೇ ನೆಲ. ಮುಚ್ಚಿದ ಬಾವಿಯ ಕಟ್ಟೆಕಲ್ಲಿನಿಂದ ಗುರುತು ಹಿಡಿದೆ. ಕಮಾನು, ದೀಪದ ಕಂಬಗಳು, ನಲವತ್ತಡಿ ರಸ್ತೆ. ಮನೆ ಮಾತ್ರ ಒಂದೂ ಇಲ್ಲ. ನೀವು ಆ ರಸ್ತೆಯ ತುಂಬ ಓಡಾಡಿ ಕೇಕೆ ಹಾಕಿದಿರಿ. ಹೊರಗಿನ ರಸ್ತೆಗೆ ಸೇರುವ ದಾರಿ ಪತ್ರದಲ್ಲಿದೆಯೇನೋ ಎಂದು ನಾನು ಕೇಳಿದರೆ, ನಿಮ್ಮಪ್ಪ ಫೋನಿನಿಂದ ತಲೆ ಎತ್ತದೆ, "ಅದೆಲ್ಲ ಇರುತ್ತೆ ಬಿಡಪ್ಪ" ಅಂದ.

ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನೀವು ಹಿಂದಿನಿಂದ ಕುಂಟಜ್ಜಿ ಎಂದು ನಗುತ್ತೀರಲ್ಲ, ಅವಳೇ ನನ್ನ ಅಕ್ಕ. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ.

"ದಾರಿ ಎಷ್ಟಗಲ ಬಿಟ್ಟವ್ರೆ?"

ನಲವತ್ತಡಿ ಎಂದೆ.

"ಅಷ್ಟೊಂದ್ಯಾಕೋ? ನಮ್ಗೆ ಒಂದು ಬಂಡಿ ಹಿಡಿಯೋಷ್ಟು ಸಾಕಾಗಿತ್ತು" ಅಂದಳು.