ಮೂರನೇ ಡಬ್ಬಿಗಾಗಿ ಹಟ ಹಿಡಿದ ಅಕ್ಕ

ಬೇಕರಿಯ ಹಿಂಬಾಗಿಲು ಇನ್ನೂ ಅರ್ಧ ಮುಚ್ಚಿದೆ. ಒಳಗೆ ಮೊದಲ ತಟ್ಟೆಯ ಬ್ರೆಡ್ ಒಲೆಯಿಂದ ಹೊರಬಂದಿದೆ. ಹೊರಗೆ ಬೀದಿದೀಪ ಆರಿಲ್ಲ. ಆಕೆ ಸ್ಕೂಟರ್ ನಿಲ್ಲಿಸಿ, ಹಿಂದಿನ ಸೀಟಿಗೆ ಬಿಗಿದ ಐಸ್ ಪೆಟ್ಟಿಗೆಯ ಪಟ್ಟಿಯನ್ನು ಒಮ್ಮೆ ಎಳೆದು ನೋಡಿ, ಬಾಗಿಲು ತಟ್ಟುತ್ತಾರೆ.

“ಅಣ್ಣಾ, ಪಾರ್ಸೆಲ್ ರೆಡೀನಾ?”

ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಬೇಕರಿಯ ಯಜಮಾನರು ಇಣುಕುತ್ತಾರೆ. “ಇಲ್ಲಮ್ಮಾ, ಇವತ್ತೂ ಆಗ್ಲಿಲ್ಲ.”

“ನಾಲ್ಕು ದಿನ ಆಯ್ತು. ಇಷ್ಟು ಕಾಳು, ಸೊಪ್ಪು ತಿಂದವರಿಗೆ ಆಗದೇ ಇರುತ್ತಾ?”

“ಹೊಟ್ಟೆ ನನ್ನ ಮಾತು ಕೇಳ್ಬೇಕಲ್ಲ!”

“ಕೇಳೋವರೆಗೂ ಬರ್ತೀನಿ. ನಾಳೆ ಇದೇ ಹೊತ್ತಿಗೆ.”

ಪಾರ್ಸೆಲ್ ಎಂದರೆ ಮಲದ ಮಾದರಿ. ಅಕ್ಕಪಕ್ಕದವರ ಕಿವಿಗೆ ಬೀಳದಿರಲೆಂದು ಆಕೆಯೇ ಹುಡುಕಿಕೊಂಡ ಮಾತು ಅದು. ಮಧುಮೇಹಿಗಳ ಆಹಾರಕ್ಕೂ ಅವರ ಕರುಳಿನ ಬ್ಯಾಕ್ಟೀರಿಯಾಗಳಿಗೂ ಇರುವ ಸಂಬಂಧವನ್ನು ಆಸ್ಪತ್ರೆಯೊಂದರ ಸಂಶೋಧನಾ ವಿಭಾಗ ಅಧ್ಯಯನ ಮಾಡುತ್ತಿದೆ. ಅದಕ್ಕೆ ಬೇಕಾದ ಮಾದರಿಗಳನ್ನು ಮನೆಮನೆಯಿಂದ ತರುವುದು ಇವರ ಕೆಲಸ. ಅಧ್ಯಯನಕ್ಕೆ ಸೇರಿದವರೆಲ್ಲ ಇವರನ್ನು ಕರೆಯುವುದು ‘ಡಬ್ಬಿ ಅಕ್ಕ’ ಎಂದು.

ಸೇರಿದವರು ಮೂವತ್ತಾರು ಮಂದಿ, ಎಲ್ಲರಿಗೂ ಟೈಪ್ ಟು ಮಧುಮೇಹ. ಅರ್ಧದಷ್ಟು ಜನ ಮೂರು ತಿಂಗಳು ಪಾಲಿಶ್ ಮಾಡದ ಧಾನ್ಯ, ಕಾಳು, ತರಕಾರಿಗಳಿಂದ ತುಂಬಿದ, ನಾರು ಹೆಚ್ಚಿರುವ ಊಟ ಮಾಡುತ್ತಾರೆ. ಉಳಿದವರದು ಎಂದಿನ ಪಥ್ಯ. ಶುರುವಿನಲ್ಲೊಂದು, ನಡುವೆ ಒಂದು, ಕೊನೆಗೊಂದು ಮಾದರಿ ಕೊಡಬೇಕು. ಬೇಕರಿಯವರದು ಮೊದಲ ಗುಂಪು. ಅವರ ಎರಡು ಡಬ್ಬಿ ಪ್ರಯೋಗಾಲಯ ಸೇರಿವೆ. ಮೂರನೆಯದು ಶನಿವಾರದೊಳಗೆ ಬರದಿದ್ದರೆ ಆ ಎರಡೂ ಲೆಕ್ಕಕ್ಕಿಲ್ಲ. ಬೇಕರಿಯಲ್ಲೇ ನಿಂತು ಬೇಕರಿ ತಿಂಡಿ ಬಿಟ್ಟ ಮನುಷ್ಯನ ಮೂರು ತಿಂಗಳ ಶ್ರಮವೂ ಲೆಕ್ಕಕ್ಕಿಲ್ಲ.

“ನಾವು ಅರಗಿಸಿಕೊಳ್ಳಲಾಗದ ನಾರನ್ನು ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಹುದುಗಿಸುತ್ತವೆ. ಆಗ ಹುಟ್ಟುವ ಆಮ್ಲಗಳು ಕರುಳಿನ ಗೋಡೆಯನ್ನು ಪೋಷಿಸುತ್ತವೆ, ಇನ್ಸುಲಿನ್ ಕೆಲಸಕ್ಕೂ ನೆರವಾಗುವಂತೆ ಕಾಣುತ್ತದೆ. ಮಧುಮೇಹ ಇರುವ ಅನೇಕರಲ್ಲಿ ಅಂಥ ಬ್ಯಾಕ್ಟೀರಿಯಾ ಕಡಿಮೆ” ಎನ್ನುತ್ತಾರೆ ಅಧ್ಯಯನದ ವೈದ್ಯೆ. ಊಟ ಬದಲಾದರೆ ಅವು ಹೆಚ್ಚುತ್ತವೆಯೇ, ರಕ್ತದ ಸಕ್ಕರೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಉತ್ತರ ಸಿಗುವ ಮೊದಲೇ ಭರವಸೆ ಕೊಡಲು ಅವರು ತಯಾರಿಲ್ಲ. “ಮಾತ್ರೆ ಬಿಡಿ ಎಂದು ಯಾರಿಗೂ ಹೇಳಿಲ್ಲ. ಕೆಲವು ಮಾತ್ರೆಗಳೂ ಈ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತವೆ. ಹಾಗಾಗಿ ತಿಂದದ್ದು, ನುಂಗಿದ್ದು ಎರಡೂ ನಮಗೆ ನಿಜವಾಗಿ ಗೊತ್ತಾಗಬೇಕು.”

ದೇಹದಿಂದ ಹೊರಬಂದ ಮೇಲೂ ಬ್ಯಾಕ್ಟೀರಿಯಾಗಳು ಬೆಳೆಯುತ್ತಲೇ ಇರುತ್ತವೆ. ತಡವಾದಷ್ಟೂ ಕರುಳಿನ ನಿಜವಾದ ಚಿತ್ರ ಕೆಡುತ್ತದೆ. ಹಾಗಾಗಿ ಡಬ್ಬಿ ಅಕ್ಕನ ಬೆಳಗು ಓಟದಲ್ಲೇ ಕಳೆಯುತ್ತದೆ. ಒಂದೊಂದು ಬೆಳಿಗ್ಗೆ ಆರೇಳು ಮನೆ, ಅವುಗಳಲ್ಲಿ ಎರಡಾದರೂ ಲಿಫ್ಟ್ ಇಲ್ಲದ ಮೂರನೇ ಮಹಡಿ. ಬಾಗಿಲಲ್ಲಿ ನಿಂತ ಕೂಡಲೇ ಪೆಟ್ಟಿಗೆಯ ಮುಚ್ಚಳ ತೆರೆದು ಆಕೆ ಬೆನ್ನು ತಿರುಗಿಸುತ್ತಾರೆ, ಏನಾದರೂ ಬೇರೆ ಮಾತು ತೆಗೆಯುತ್ತಾರೆ. ಕೊಡುವವರೇ ಡಬ್ಬಿಯನ್ನು ಒಳಗಿಟ್ಟು ಮುಚ್ಚಬೇಕು. ಮೊದಲ ವಾರ ಒಬ್ಬ ನಿವೃತ್ತ ಮೇಷ್ಟ್ರು ಮುಖ ಆಚೆ ಮಾಡಿ ಕಿಟಕಿಯಿಂದ ಡಬ್ಬಿ ಚಾಚಿದ್ದರಂತೆ. ಈಗ ಅದೇ ಮೇಷ್ಟ್ರು ಕಾಫಿ ಕುಡಿಸದೆ ಕಳಿಸುವುದಿಲ್ಲ.

ಈ ಕೆಲಸಕ್ಕೆ ಬರುವ ಮುನ್ನ ಆಕೆ ಹೋಟೆಲ್‌ಗಳಿಂದ ಮನೆಗಳಿಗೆ ಊಟದ ಪೊಟ್ಟಣ ತಲುಪಿಸುತ್ತಿದ್ದರು. “ಆಗ ಒಳಗೆ ಹೋಗೋದನ್ನ ಹೊರ್ತಿದ್ದೆ, ಈಗ ಹೊರಗೆ ಬರೋದನ್ನ. ಸ್ಕೂಟರ್ ಮಾತ್ರ ಅದೇ” ಎಂದು ನಗುತ್ತಾರೆ. ಒಮ್ಮೆ ತಪಾಸಣೆಗೆ ನಿಲ್ಲಿಸಿದ ಪೊಲೀಸರೊಬ್ಬರು “ಏನಮ್ಮಾ, ಐಸ್‌ಕ್ರೀಮಾ?” ಎಂದು ಕೇಳಿದ್ದರಂತೆ. “ತೆಗೆದು ನೋಡಿ ಸಾರ್ ಅಂದೆ. ನೋಡಿದ್ರು. ಅವತ್ತಿಂದ ದೂರದಿಂದಲೇ ಕೈ ಬೀಸಿ ಕಳಿಸ್ತಾರೆ.”

ಮನೆಯಲ್ಲಿ ಇಷ್ಟು ಸುಲಭವಾಗಿರಲಿಲ್ಲ. ಖಾಲಿ ಪೆಟ್ಟಿಗೆಯೂ ಹೊಸ್ತಿಲು ದಾಟಕೂಡದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಸೊಸೆ ಕೆಲಸ ಬಿಡಲಿಲ್ಲ, ಅತ್ತೆ ಪಟ್ಟು ಬಿಡಲಿಲ್ಲ. ಪೆಟ್ಟಿಗೆ ತಿಂಗಳುಗಟ್ಟಲೆ ಮೆಟ್ಟಿಲ ಕೆಳಗೆ ಮಲಗಿತು. ಅತ್ತೆಗೂ ಶುಗರ್ ಇದೆ. ಈಚೆಗೆ ಅವರೇ ನೆಂಟರ ಮುಂದೆ “ನಮ್ಮ ಸೊಸೆ ದೊಡ್ಡ ಆಸ್ಪತ್ರೇಲಿದ್ದಾಳೆ” ಎನ್ನುವುದುಂಟು. ಏನು ಕೆಲಸ ಎಂದು ಕೇಳಿದರೆ ಮಾತು ಬದಲಿಸುತ್ತಾರೆ.

ಮೂವತ್ತಾರರಲ್ಲಿ ಇವತ್ತಿನವರೆಗೆ ಒಬ್ಬರೂ ನಡುವೆ ಬಿಟ್ಟುಹೋಗಿಲ್ಲ. “ಪೊಟ್ಟಣದ ಕೆಲಸದಲ್ಲೂ ನನ್ನದು ಒಂದೂ ವಾಪಸ್ ಬಂದಿದ್ದಿಲ್ಲ. ವಾಪಸ್ ಅಂತ ಬರೆಯೋಕೆ ಕೈ ಬರಲ್ಲ ನಂಗೆ” ಎನ್ನುತ್ತಾರೆ. ಬೇಕರಿಯ ಬಾಗಿಲಿಗೆ ಮತ್ತೆ ಮತ್ತೆ ಹೋಗುವುದು ಅದಕ್ಕೇ.

ಶುಕ್ರವಾರ ಅಲ್ಲಿ ಬಾಗಿಲು ತಟ್ಟುವ ಮೊದಲೇ ತೆರೆಯುತ್ತದೆ. ಯಜಮಾನರು ಡಬ್ಬಿ ಹಿಡಿದು ನಿಂತಿದ್ದಾರೆ. ಅವರ ಹಿಂದೆ ಹೆಂಡತಿ, ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದಾರೆ. ಡಬ್ಬಿ ಅಕ್ಕ ಪೆಟ್ಟಿಗೆ ತೆರೆಯುವುದಿಲ್ಲ.

“ಅಣ್ಣಾ, ಇದು ನಿಮ್ಮದೇನಾ?”

ಯಜಮಾನರು ಒಲೆಯ ಕಡೆ ನೋಡುತ್ತಾರೆ. ಉತ್ತರ ಹೆಂಡತಿಯಿಂದ ಬರುತ್ತದೆ: “ನಾನು ಬೇಡ ಅಂದೆ ಕಣಮ್ಮಾ. ಕೇಳಿದ್ರೆ ತಾನೇ?”

“ಅವಳಿಗೆ ಶುಗರ್ ಇಲ್ಲ. ಅವಳದ್ದು ಚೆನ್ನಾಗಿರುತ್ತೆ. ನಿಮ್ಮ ಡಾಕ್ಟರಿಗೂ ಒಳ್ಳೇ ರಿಸಲ್ಟ್ ಸಿಗುತ್ತೆ, ಯಾರಿಗೂ ನಷ್ಟ ಇಲ್ಲ” ಎಂದು ಯಜಮಾನರು ವಾದ ಹೂಡುತ್ತಾರೆ.

ನಿಧಾನಕ್ಕೆ ನಿಜ ಹೊರಬೀಳುತ್ತದೆ. ಕಳೆದ ವಾರ ಕ್ರೀಮ್ ಕೇಕುಗಳಿಗೆ ದೊಡ್ಡ ಆರ್ಡರ್ ಬಂದಿತ್ತು. ಮಾಡಿದವರು ರುಚಿ ನೋಡದೆ ಕಳಿಸುವಂತಿಲ್ಲ.

“ರುಚಿ ನೋಡೋದು ಚಮಚದಲ್ಲಿ. ಇವರು ತಟ್ಟೇಲಿ ನೋಡಿದ್ರು. ಒಂದಿನ ಅಲ್ಲ, ವಾರ ಪೂರ್ತಿ” ಎನ್ನುತ್ತಾರೆ ಹೆಂಡತಿ.

“ಸುಮ್ನಿರೇ. ಮೂರು ತಿಂಗಳು ಕಷ್ಟಪಟ್ಟು ಕೊನೇಲಿ ಹಾಳು ಮಾಡ್ಕೊಂಡೆ. ನಂದು ಕೊಟ್ರೆ ಫೇಲ್ ಅಂತ ಬರುತ್ತೆ. ಅದಕ್ಕಿಂತ ನನ್ನ ಹೆಸರು ತೆಗೆದುಬಿಡಿ.”

ಡಬ್ಬಿ ಅಕ್ಕ ಬಾಗಿಲ ಪಕ್ಕ ಮಗುಚಿಟ್ಟ ಖಾಲಿ ಡಬ್ಬದ ಮೇಲೆ ಕೂರುತ್ತಾರೆ. ಇನ್ನೂ ಐದು ಮನೆ ಬಾಕಿ ಇದೆ. ಆದರೂ ಕೂರುತ್ತಾರೆ.

“ಅಣ್ಣಾ, ಪರೀಕ್ಷೆ ನಿಮಗಲ್ಲ, ಊಟಕ್ಕೆ. ಫೇಲಾದ್ರೆ ಊಟ ಫೇಲಾಗುತ್ತೆ, ನೀವಲ್ಲ. ಅತ್ತಿಗೆದು ಕೊಟ್ರೆ ಊಟಕ್ಕೆ ಸುಳ್ಳು ಮಾರ್ಕ್ಸ್ ಬೀಳುತ್ತೆ. ನಾಳೆ ಡಾಕ್ಟ್ರು ಅದನ್ನ ನಂಬಿ ನಮ್ಮತ್ತೆಗೂ ಅದೇ ಹೇಳ್ತಾರೆ. ಅವರೇನು ತಪ್ಪು ಮಾಡಿದ್ರು?”

ಯಜಮಾನರು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಡುತ್ತಾರೆ.

“ಕ್ರೀಮ್ ತಿಂದಿದ್ದು ಬರ್ಕೊಡಿ. ತಿಂದವರದ್ದೂ ಬೇಕು ಡಾಕ್ಟ್ರಿಗೆ. ಆದ್ರೆ ನಿಮ್ಮದೇ ಬೇಕು.”

ಅತ್ತಿಗೆಯ ಡಬ್ಬಿಯನ್ನು ಅಲ್ಲೇ ಬಿಟ್ಟು, ಹೊಸದೊಂದನ್ನು ಕೊಟ್ಟು ಆಕೆ ಮುಂದಿನ ಮನೆಗೆ ಹೊರಡುತ್ತಾರೆ. ನಡೆದದ್ದನ್ನು ಅಂದೇ ವೈದ್ಯೆಗೆ ತಿಳಿಸುತ್ತಾರೆ. “ಒಂದು ವಾರದ ಊಟಕ್ಕೂ ಕರುಳಿನ ಬ್ಯಾಕ್ಟೀರಿಯಾ ಬದಲಾಗಬಹುದು. ಗೊತ್ತಿದ್ದರೆ ಅದೂ ಮಾಹಿತಿ, ಬಚ್ಚಿಟ್ಟರೆ ತಪ್ಪು ಲೆಕ್ಕ” ಎಂಬುದು ವೈದ್ಯೆಯ ಮಾತು.

ಶನಿವಾರ ಗಲ್ಲಿಯಲ್ಲಿ ಇನ್ನೂ ಕತ್ತಲು. ಬೇಕರಿಯ ಹಿಂಬಾಗಿಲು ಮುಚ್ಚಿದೆ. ಅಕ್ಕ ಸ್ಕೂಟರ್ ಆರಿಸಿ ಕಾಯುತ್ತಾರೆ. ಕೊನೆಗೆ ಯಜಮಾನರು ಹೊರಬಂದು ತಾವೇ ಪೆಟ್ಟಿಗೆಯ ಮುಚ್ಚಳ ತೆರೆದು, ಡಬ್ಬಿ ಇಟ್ಟು, ಗಟ್ಟಿಯಾಗಿ ಮುಚ್ಚುತ್ತಾರೆ.

“ನಂದೇ. ತಟ್ಟೆ ಲೆಕ್ಕಾನೂ ಬರೆದಿದ್ದೀನಿ, ಇವಳ ಮುಂದೆ ಸುಳ್ಳು ಹೇಳೋಕೆ ಆಗ್ಲಿಲ್ಲ.”

ಪ್ರಯೋಗಾಲಯದ ಕಿಟಕಿಯಲ್ಲಿ ಡಬ್ಬಿ ಕೈ ಬದಲಾಗುತ್ತದೆ. ಫ್ರೀಜರಿನ ಬಾಗಿಲು ಮುಚ್ಚುವವರೆಗೂ ಆಕೆ ಅಲ್ಲಿಂದ ಕದಲುವುದಿಲ್ಲ. ಫಲಿತಾಂಶ ಬರಲು ಇನ್ನೂ ಬಹಳ ಕಾಲವಿದೆ. ಬಂದ ದಿನ ಮೂವತ್ತಾರು ಮನೆಗೂ ತಾವೇ ಹೋಗಿ ಹೇಳಬೇಕೆಂಬುದು ಆಕೆಯ ಆಸೆ. ವೈದ್ಯೆಯನ್ನು ಈಗಾಗಲೇ ಕೇಳಿಟ್ಟಿದ್ದಾರೆ.

“ಒಳ್ಳೇದು ಬರ್ಲಿ, ಬಿಡ್ಲಿ, ಹೇಳೋಕೆ ನಂಗೆ ಹೆದರಿಕೆ ಇಲ್ಲ” ಎನ್ನುತ್ತ ಖಾಲಿ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿಯುತ್ತಾರೆ. “ಅದ್ರಲ್ಲಿ ಬೇಕರಿ ಅಣ್ಣನ ಕ್ರೀಮ್ ಇರುತ್ತೆ. ಸುಳ್ಳು ಇರಲ್ಲ.”