ಒಂದು ತಾಸಿನ ಪಂಪು

ಘಟಪ್ರಭೆ ಉಕ್ಕಿ ಇಳಿದ ವಾರ ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸಪ್ಪಳ ಒಂದು ದಿನ ನಿಂತಿತು. ಮುಧೋಳದ ಕಡೆ, ಹೊಳೆದಂಡೆಯ ಒಂದು ಹಳ್ಳಿಗೆ ಸೇವೆಗೆ ಹೋಗುವುದೆಂದು ಓಣಿಯ ಮಂಡಳಿಯವರು ನಿಶ್ಚಯಿಸಿದ್ದರು. ನಾವು ಹೆಂಗಸರು ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಜೊತೆ ಗಂಟು ಕಟ್ಟಿದೆವು. ಗಂಡಸರು ಸಲಿಕೆ, ಬುಟ್ಟಿ, ಬ್ಲೀಚಿಂಗ್ ಪುಡಿ, ಒಂದು ಡೀಸೆಲ್ ಪಂಪು ಟೆಂಪೋಕ್ಕೆ ಏರಿಸಿದರು. ಎಲ್ಲರಿಗೂ ಬೆನ್ನ ಮೇಲೆ ‘ನಿಮ್ಮ ಜೊತೆ ನಾವು’ ಎಂದು ಅಚ್ಚಾದ ಅಂಗಿ. ನಾನೂ ಸೀರೆಯ ಮೇಲೆ ಅದನ್ನು ತೊಟ್ಟೆ. ಖುಷಿಯಿಂದಲೇ ತೊಟ್ಟೆ, ಸುಳ್ಳು ಯಾಕೆ ಹೇಳಲಿ.

ಸಾಮಾನು ಇಳಿಸುವ ಮೊದಲೇ ಒಬ್ಬ ಮನುಷ್ಯ ಟೆಂಪೋದ ಹತ್ತಿರ ಬಂದು ನಿಂತ. ಮೊಳಕಾಲ ತನಕ ರಾಡಿ, ಕಣ್ಣಿಗೆ ನಿದ್ದೆಯಿಲ್ಲ. ನಮ್ಮ ಮುಖಂಡರಿಗೆ ಕೈ ಮುಗಿದ. ಮುಖಂಡರೆಂದರೆ ಅರಿವೆ ವ್ಯಾಪಾರಿ. ಆ ದಿನ ಎಲ್ಲ ಅವರದೇ ಮಾತು.

“ಸಾವ್ಕಾರ್ರ, ನಮ್ಮ ಮನ್ಯಾಗ ಇನ್ನೂ ನೀರ ನಿಂತೈತ್ರಿ. ಮಣ್ಣಿನ ಗ್ವಾಡಿ, ಕುಂದ್ರಾಕತ್ತೈತಿ. ಒಂದ ತಾಸ ಆ ಪಂಪ ಕೊಟ್ರ ಮನಿ ಉಳೀತೈತ್ರಿ.”

“ಕೊಡೂಣಂತ, ಕೊಡೂಣಂತ. ಮೊದಲ ಗುಡಿ ಆಗ್ಲಿ,” ಎಂದರು ಮುಖಂಡರು.

ಅವನದು ದಲಿತರ ಕೇರಿ, ಊರಿನ ತಗ್ಗಿನಲ್ಲಿ. ಹೊಳೆ ಮೊದಲು ಬರುವುದು ಅಲ್ಲಿಗೆ, ಕೊನೆಗೆ ಹೋಗುವುದೂ ಅಲ್ಲಿಂದಲೇ. ಗುಡಿಯಲ್ಲಿ ನೀರೇ ಇರಲಿಲ್ಲ, ಬರೀ ರಾಡಿ. ಆದರೂ ಪಂಪು ಅಲ್ಲಿಗೇ ಹೋಯಿತು. ಬಾವಿಯ ನೀರೆತ್ತಿ ಅಂಗಳಕ್ಕೆ ಹೊಡೆದು ಹೊಡೆದು ತೊಳೆದರು. ಒಂದು ಸಲ ತೊಳೆದದ್ದು ಸಾಲದೆಂದು ಮತ್ತೊಮ್ಮೆ ತೊಳೆದರು. ಊರಿನ ಒಂದು ಕಡೆ ನೀರು ತೆಗೆಯಲು ಪಂಪಿಲ್ಲ, ಇನ್ನೊಂದು ಕಡೆ ಅದೇ ಪಂಪಿನಿಂದ ನೀರು ಸುರಿಯುತ್ತಿದ್ದಾರೆ. ನನಗೆ ಮೈ ಉರಿಯಿತು. “ತಗ್ಗಿನ ಮನಿಗೆ ಮೊದಲ ಕಳಸ್ರಿ” ಎಂದೆ. “ಅಕ್ಕಾರ, ನೀವು ರೊಟ್ಟಿ ಕಡೆ ನೋಡ್ರಿ” ಎಂದರು ಮುಖಂಡರು.

ಆಮೇಲೆ ಮನೆ ಮನೆಯ ರಾಡಿ ಬಾಚುತ್ತ ಮೇಲಿನ ಓಣಿಗೆ ಹೋದೆವು. ದೊಡ್ಡ ಮನೆಯೊಂದರ ದನದ ಕೊಟ್ಟಿಗೆಯಲ್ಲಿ ಎಮ್ಮೆ ಸತ್ತು ಬಿದ್ದಿತ್ತು. ಕಟ್ಟಿದ ಹಗ್ಗ ಕಟ್ಟಿದಂತೆಯೇ ಇತ್ತು, ಹೊಟ್ಟೆ ಉಬ್ಬಿತ್ತು. ನಮ್ಮ ಹುಡುಗರು ಮೂಗಿಗೆ ಅರಿವೆ ಕಟ್ಟಿಕೊಂಡರೇ ಹೊರತು ಒಬ್ಬನೂ ಮುಂದೆ ಹೆಜ್ಜೆ ಇಡಲಿಲ್ಲ. ಬೆಳಗಿನಿಂದ ಮಂದಿಯ ಮನೆಯ ಹೊಲಸನ್ನೆಲ್ಲ ಬರಿಗೈಯಲ್ಲಿ ಬಾಚಿದವರು! ಆ ಮನೆಯ ಯಜಮಾನನೇ ಅಡ್ಡ ಬಂದ. “ಛೇ ಛೇ, ನೀವ್ಯಾಕ ಕೈ ಹಚ್ಚತೀರಿ? ಅದಕ್ಕ ಬ್ಯಾರೆ ಮಂದಿ ಅದಾರ.”

ಬೇರೆ ಮಂದಿ ಬಂದರು. ಮುಂಜಾನೆ ಕೈ ಮುಗಿದಿದ್ದ ಅದೇ ಮನುಷ್ಯ, ಹೆಗಲ ಮೇಲೆ ಹಗ್ಗ, ಹಿಂದೆ ಅವನ ತಮ್ಮ. ಎಮ್ಮೆಯ ಕಡೆ ನೋಡದೆ ನಮ್ಮ ಮುಖಂಡರ ಕಡೆಯೇ ನೋಡಿದ. “ಎಳೀತೇನ್ರಿ. ಪಂಪ ಈಗ ಕಳಸ್ರಿ.”

“ನೀ ಇದನ್ನ ಮುಗಸು. ಅಷ್ಟರಾಗ ಪಂಪ ನಿಮ್ಮ ಕೇರ್ಯಾಗ ಇರತೈತಿ.”

ಅವರಿಬ್ಬರೂ ಎಮ್ಮೆಯ ಕಾಲಿಗೆ ಹಗ್ಗ ಹಾಕಿ, ಜಾರುವ ರಾಡಿಯಲ್ಲಿ ಬೀಳುತ್ತ ಏಳುತ್ತ, ಊರ ಹೊರಗಿನ ಹಾಳು ಹೊಲದ ತನಕ ಎಳೆದುಕೊಂಡು ಹೋದರು. ಹೂಳಲು ಕುಣಿ ತೋಡಿದವರೂ ಅವರೇ. ಪಂಪು ಮಾತ್ರ ದೊಡ್ಡ ಮನೆಯ ಕೊಟ್ಟಿಗೆ ತೊಳೆಯುತ್ತಿತ್ತು. ಅಷ್ಟರಲ್ಲಿ ಊಟದ ಹೊತ್ತಾಯಿತು, ಪಂಪು ಬಂದ್ ಆಯಿತು. ಊಟವಾದ ಮೇಲೆ ತೊಳೆದ ಗುಡಿಯ ಮುಂದೆ ಎಲ್ಲರೂ ಸಾಲಾಗಿ ನಿಂತು, ಬೆನ್ನ ಮೇಲಿನ ಅಕ್ಷರ ಕಾಣುವಂತೆ ತಿರುಗಿ, ಫೋಟೋ ತೆಗೆಸಿಕೊಂಡರು.

ನಾನು ತಡೆಯಲಾರದೆ ರೊಟ್ಟಿ ಗಂಟು ಹಿಡಿದುಕೊಂಡು ಕೇರಿಗೆ ಇಳಿದೆ. ಅವನ ಹೆಂಡತಿ ಒಳಗೆ ನಿಂತು ಕೊಡದಿಂದ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದಳು. ಹಿಂದಿನ ಗೋಡೆಯ ಬುಡ ಉಬ್ಬಿತ್ತು. “ಹೊರಗ ಬಾರವ್ವ, ಗ್ವಾಡಿ ಬೀಳತೈತಿ” ಎಂದು ಅವಳ ರಟ್ಟೆ ಹಿಡಿದು ಎಳೆದೆ. “ಪಂಪ ಬರತೈತಂತಲ್ಲರಿ, ಅಲ್ಲೀತನಾ ಚೆಲ್ಲತೇನಿ” ಎಂದಳು. ಅಂತೂ ಹೊರಗೆ ತಂದೆ. ನಾವು ಬೇವಿನ ಗಿಡದ ಹತ್ತಿರ ಬಂದು ನಿಂತಾಗ ಗೋಡೆ ಕುಸಿಯಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಹಸಿ ಮಣ್ಣು ನೀರಿಗೆ ಬಿದ್ದ ಸದ್ದು, ಆಮೇಲೆ ಮಾಳಿಗೆ ಮುರಿದ ಸದ್ದು. ಅವಳು ಅಳಲಿಲ್ಲ. ಕೊಡ ಕೆಳಗಿಟ್ಟಳು.

ಗಂಡ ಹೊಲದಿಂದ ಬಂದ. ಅದೇ ಹೊತ್ತಿಗೆ ನಮ್ಮ ಮುಖಂಡರೂ ಪಂಪು ಹೊರಿಸಿಕೊಂಡು ಬಂದರು. ಬಿದ್ದ ಮನೆ ನೋಡಿ, “ಅರೆರೆ, ಸ್ವಲ್ಪ ತಡ ಆತು” ಎಂದರು. ಅವರ ಬೆನ್ನಿಗೇ ದೊಡ್ಡ ಮನೆಯ ಆಳು ಓಡಿಬಂದ: ಹಿತ್ತಲಲ್ಲಿ ಒಂದು ಕರುವೂ ಸತ್ತು ಬಿದ್ದಿದೆ, ಲಗೂ ಬರಬೇಕಂತೆ.

ಆ ಮನುಷ್ಯ ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಹಗ್ಗ ತೆಗೆದು ಮುಖಂಡರ ಕೈಯಲ್ಲಿಟ್ಟ.

“ಈ ಸಲ ನೀವ ಎಳೀರಿ, ಸಾವ್ಕಾರ್ರ. ನನಗ ನನ್ನ ಮನಿ ಹೆಣಾ ಎತ್ತೂದೈತಿ.”

ಹಗ್ಗ ಅವರ ಕೈಯಲ್ಲಿ ಒಂದು ಗಳಿಗೆಯೂ ನಿಲ್ಲಲಿಲ್ಲ. ಚೇಳು ಕಡಿದವರಂತೆ ಕೈ ಕೊಡವಿದರು. ಹೊತ್ತಾಯಿತು, ಹೊತ್ತಾಯಿತು ಎಂದು ಎಲ್ಲರನ್ನೂ ಟೆಂಪೋ ಹತ್ತಿಸಿದರು.

ಟೆಂಪೋ ಹೊರಟ ಕೂಡಲೇ ಅವರು ಜೇಬಿನಿಂದ ಸ್ಯಾನಿಟೈಸರ್ ಬಾಟಲಿ ತೆಗೆದು ಎರಡೂ ಕೈಗೆ ಸುರಿದುಕೊಂಡು ತಿಕ್ಕಿದರು. ದಿನವಿಡೀ ಆ ಬಾಟಲಿ ಅವರ ಜೇಬಿನಲ್ಲೇ ಇತ್ತು. ಸತ್ತ ಇಲಿ, ಕೊಳೆತ ಕಾಳು, ಮೋರಿಯ ರಾಡಿ ಯಾವುದಕ್ಕೂ ಅದು ಬೇಕಾಗಿರಲಿಲ್ಲ. ಆ ಮನುಷ್ಯನ ಹೆಗಲ ಹಗ್ಗಕ್ಕೆ ಬೇಕಾಯಿತು. ಆಮೇಲೆ ಬಾಟಲಿ ಕೈಯಿಂದ ಕೈಗೆ ತಿರುಗಿತು. ಹಗ್ಗ ಮುಟ್ಟದವರೂ ಹಚ್ಚಿಕೊಂಡರು.

ನನ್ನ ಸರದಿ ಬಂದಾಗ ಬಾಟಲಿಯನ್ನು ಹೊರಗೆ ಒಗೆದೆ. “ಯಾಕ್ರೀ ಅಕ್ಕಾರ?” ಎಂದು ಕೇಳಿದರು. “ನಿಮ್ಮ ಹೊಲಸು ಇದರಿಂದ ಹೋಗಾಂಗಿಲ್ಲ” ಎಂದೆ. ಪಕ್ಕದಲ್ಲಿ ಕೂತವಳು ಸೆರಗು ಎಳೆದುಕೊಂಡು ಆಚೆ ಸರಿದು ಕೂತಳು.