ಎರಡು ಬೀದಿಯ ದೂರು, ಒಂದೇ ಕೈಬರಹ

ಉಮ್ಮತ್ತೂರು ಕಡೆಯ ನಮ್ಮೂರಿನಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಎಂದು ಎರಡು ಪಾರ್ಟಿ. ಜಗಳ ಹೇಗೆ ಶುರುವಾಯಿತೆಂದು ಎರಡೂ ಕಡೆ ಕೇಳಿದ್ದೇನೆ. ಒಬ್ಬರು ಹೋರಿ ಎಂದರು, ಇನ್ನೊಬ್ಬರು ಬಾವಿ ಎಂದರು. ಖಚಿತವಾಗಿ ಯಾರಿಗೂ ಗೊತ್ತಿಲ್ಲ. ಆದರೂ ವರ್ಷಕ್ಕೊಮ್ಮೆ ಹೊಡೆದಾಟ ತಪ್ಪುತ್ತಿರಲಿಲ್ಲ. ಆ ಸಲ ಕಬ್ಬಿನ ಟ್ರ್ಯಾಕ್ಟರ್ ದಾರಿಯಲ್ಲೇ ನಿಂತಿದ್ದರಿಂದ ದೊಣ್ಣೆ ತರಲು ಯಾರೂ ಮನೆಗೆ ಹೋಗಲಿಲ್ಲ. ಜಲ್ಲೆಗಳಲ್ಲೇ ಬಡಿದಾಡಿದರು. ಮುರಿದ ತುಂಡುಗಳನ್ನು ಮಕ್ಕಳು ಎರಡು ದಿನ ತಿಂದರು.

ನನಗೆ ತಮ್ಮನ ಚಿಂತೆ. ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಆಯ್ಕೆಯಾಗಿದ್ದ. ಪೊಲೀಸ್ ಪರಿಶೀಲನೆ ಬಾಕಿ ಇತ್ತು. ಕೇಸಿನಲ್ಲಿ ಹೆಸರು ಬಂದರೆ ಕೆಲಸ ಹೋದಂತೆಯೇ. ಅವನು ಹೊಡೆದನೋ ಇಲ್ಲವೋ ನಾನು ಕಂಡಿರಲಿಲ್ಲ. ಆ ಹೊತ್ತಿಗೆ ಚಾಮರಾಜನಗರದ ಪತ್ರಿಕಾ ಕಚೇರಿಯಲ್ಲಿದ್ದೆ.

ವರದಿಗಾರನೆಂದು ಊರಿನ ದೂರುಗಳನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದರು. ಹೊಡೆದಾಟದ ಮಾರನೆಯ ಬೆಳಿಗ್ಗೆ ಮೇಲಿನ ಬೀದಿಯ ಯಜಮಾನರು ಮೊಣಕೈಗೆ ಅರಿಸಿನ ಮೆತ್ತಿಕೊಂಡು ಬಂದರು.

"ಬರ್ಕಳ್ಳಾ. ಮೊದ್ಲು ಒಡ್ದೋನು ನಿನ್ ತಮ್ಮ."

"ನೀವು ಕಣ್ಣಾರೆ ಕಂಡ್ರಾ ದೊಡ್ಡಪ್ಪ?"

"ಊರೇ ಕಂಡದೆ ಕಣ್ಲಾ!"

"ಊರು ಬೇಡ. ನೀವು ಎಲ್ಲಿದ್ರಿ?"

ಯಜಮಾನರು ಕೆಮ್ಮಿದರು. "ಟ್ರ್ಯಾಕ್ಟರ್ ಅಡೀಲಿ."

"ಅಲ್ಲಿಂದ ಏನು ಕಾಣ್ತು?"

"ಕಾಲು ಕಣ್ಲಾ. ಬರೀ ಕಾಲು."

ಬರೆದೆ: ಹಲವರ ಕಾಲುಗಳು ಕಂಡವು, ಮೊದಲು ಹೊಡೆದವರು ಯಾರೆಂದು ತಿಳಿಯದು.

ಮಧ್ಯಾಹ್ನ ನಮ್ಮ ಕೆಳಗಿನ ಬೀದಿಯ ಯಜಮಾನರು ಬಂದರು. ಅವರಿಗೂ ಅವೇ ಪ್ರಶ್ನೆಗಳು. ಶುರುವಿನಲ್ಲೇ ಅವರ ಮುಖಕ್ಕೆ ಯಾರದೋ ಟವಲ್ ಸುತ್ತಿಕೊಂಡಿತ್ತಂತೆ. ಅದನ್ನೂ ಹಾಗೆಯೇ ಬರೆದುಕೊಟ್ಟೆ.

ಮರುದಿನ ಠಾಣೆಯ ಅಧಿಕಾರಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. "ಎರಡೂ ಒಂದೇ ಕೈಬರಹ. ಹೊಡೆದವರ ಹೆಸರು ಎರಡರಲ್ಲೂ ಇಲ್ಲ. ಯಾರ ಮೇಲ್ರಯ್ಯಾ ದೂರು?"

ಯಜಮಾನರಿಬ್ಬರೂ ಒಟ್ಟಿಗೇ ನನ್ನತ್ತ ಬೆರಳು ಮಾಡಿದರು. "ಇವ್ನೇ ಸ್ವಾಮಿ! ಕಂಡಿದ್ನ ಮಾತ್ರ ಏಳಿ ಅಂದ್ಬುಟ್ಟ!"

ಆ ಇಬ್ಬರು ಒಂದೇ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಹೆಸರಿಲ್ಲದ ಮೇಲೆ ಕೇಸೂ ಇಲ್ಲವೆಂದು ರಾಜಿ ಬರೆಸಿದರು. ರಾಜಿಗೆ ಸಹಿ ಹಾಕಿದ ಇಬ್ಬರೂ ದಾರಿಯುದ್ದಕ್ಕೂ ನನ್ನನ್ನು ಬೈಯುತ್ತಾ ಒಂದೇ ಆಟೋದಲ್ಲಿ ಊರಿಗೆ ಹೋದರು.

ತಮ್ಮ ಈಗ ಸಂತೆಮರಹಳ್ಳಿ ಕಡೆಗೆ ಬಸ್ಸು ಓಡಿಸುತ್ತಾನೆ. ನಮ್ಮೂರಲ್ಲಿ ಕೂಗಳತೆಯೊಳಗೇ ಎರಡು ಕಡೆ ನಿಲ್ಲಿಸಬೇಕು; ಒಂದು ಬೀದಿಯವರು ಇನ್ನೊಂದು ಬೀದಿಯ ನಿಲ್ದಾಣದಲ್ಲಿ ಹತ್ತುವುದಿಲ್ಲ. ಮೇಲಿನ ಬೀದಿಯ ಯಜಮಾನರು ಮೆಟ್ಟಿಲ ಮೇಲೆ ನಿಂತು ಈಗಲೂ ಹೇಳುತ್ತಾರೆ: "ಮೊದ್ಲು ಒಡ್ದೋನು ನೀನೇ ಕಣ್ಲಾ."

"ಕಾಲ್ ನೋಡಿ ಗುರ್ತು ಇಡುದ್ರಾ ದೊಡ್ಡಪ್ಪ?" ಎನ್ನುತ್ತಾನೆ ತಮ್ಮ. "ಮೇಲಕ್ ಬನ್ನಿ, ಟೈಮಾಯ್ತು."